ಕಮ್ಮಿ ಬಜೆಟ್ಟಲ್ಲಿ ಆಫ್ರಿಕಾ ಶಿಕಾರಿ: ಕೊಟೇಶನ್‌ನಲ್ಲಿ ಬರೆಯದೇ ಬಿಟ್ಟಿರೋದನ್ನ ಓದ್ಕೊಳ್ಳಿ

ಕಾಫಿಗೆ ರೇಟ್ ಬಂದ್ರೆ ನಮ್ಮ ಕಡೆ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಹಿಡಿಯುತ್ತೆ. ಕೆಲವರು ಥಾರ್ ಬುಕ್ ಮಾಡ್ತಾರೆ, ಕೆಲವರು ಹಳೇ ಮನೆ ಕೆಡವಿ ಹೊಸ ಮನೆ ಪಾಯ ತೆಗೀತಾರೆ, ಮೂಡಿಗೆರೆ ಹತ್ರ ತೋಟ ಇರೋ ನಮ್ಮ ಬಾವನಿಗೆ ಹಿಡಿದಿದ್ದು ಆಫ್ರಿಕಾ ಶಿಕಾರಿ ಹುಚ್ಚು. ಅವರ ತಾತನ ಕಾಲದಲ್ಲಿ ಮನೆಯಲ್ಲಿ ಸೋವು ಹೊಡೆಸಿ (ಪ್ರಾಣಿ ಎಬ್ಬಿಸಿ ಓಡಿಸಿ) ಬಿಲ್ಲಿಗೆ, ಅಂದ್ರೆ ಅದು ಬರೋ ದಾರೀಲಿ ಕಾದು ಕೂತು ಶಿಕಾರಿ ಮಾಡ್ತಿದ್ದ ಕಥೆಗಳನ್ನ ಕೇಳ್ಕೊಂಡೇ ಬೆಳೆದೋರು, ಕೈಯಲ್ಲಿರೋದು ಮಾತ್ರ ಬೆಳೆ ರಕ್ಷಣೆ ಲೈಸೆನ್ಸಿನ ತೋಟದ ಕೋವಿ, ಅದನ್ನೂ ಪ್ರತಿ ಎಲೆಕ್ಷನ್ ಬಂದಾಗ ಸ್ಟೇಷನ್‌ಗೆ ಡೆಪಾಸಿಟ್ ಮಾಡಿ ರಸೀದಿ ಇಟ್ಕೋಬೇಕು. ನಾನು ಚಿಕ್ಕಮಗಳೂರಲ್ಲಿ ಆಡಿಟ್ ಆಫೀಸಲ್ಲಿ ಲೆಕ್ಕ ನೋಡೋನು, ನನಗೆ ಶಿಕಾರಿ ಬರಲ್ಲ ಆದ್ರೆ ಕೊಟೇಶನ್ ಓದೋಕೆ ಬರುತ್ತೆ, ಹಂಗಾಗಿ ಬಾವ ತಮಗೆ ಬಂದ ಮೇಲ್‌ಗಳನ್ನೆಲ್ಲ ನನಗೆ ಫಾರ್ವರ್ಡ್ ಮಾಡಿ "ಇದ್ರಲ್ಲಿ ಯಾವ್ದು ಸೋವಿ ನೋಡೋ ಮಾರಾಯ" ಅಂದ್ರು. ಕೊನೆಗೆ ಜೊತೆಗೂ ಎಳ್ಕೊಂಡು ಹೋದ್ರು. ಈಗ ಊರಲ್ಲಿ ಇನ್ನೊಂದಿಷ್ಟು ಜನ ಕೇಳ್ತಿದಾರೆ, ಎಲ್ಲರಿಗೂ ಬೇರೆ ಬೇರೆ ಹೇಳೋ ಬದಲು ಇಲ್ಲೇ ಬರೆದು ಬಿಡ್ತೀನಿ.

ಮೊದಲು ಒಂದು ಮಾತು. ಇಲ್ಲಿ, ನಮ್ಮ ಕಾಡಲ್ಲಿ, ಶಿಕಾರಿ ಅನ್ನೋ ಮಾತೇ ಎತ್ಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮನರಂಜನೆಗೆ ಅಂತ ಬೇಟೆ ಆಡೋದು ಮುಗಿದುಹೋದ ಅಧ್ಯಾಯ. ಕಾಟಿ (ಕಾಡುಕೋಣ) ಥರ ಶೆಡ್ಯೂಲ್ ಒಂದರ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿಯ ಪ್ರಾಣಿ ಹೊಡೆದ್ರೆ ಕಮ್ಮಿ ಅಂದ್ರೂ 3 ವರ್ಷ, ಜಾಸ್ತಿ ಅಂದ್ರೆ 7 ವರ್ಷ ಜೈಲು. ಆನೆ ತೋಟಕ್ಕೆ ನುಗ್ಗಿ ಬಾಳೆ ಅಡಿಕೆ ಎಲ್ಲಾ ಮಲಗಿಸಿ ಹೋದ್ರೂ ಪಟಾಕಿ ಹೊಡೆದು ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಇಟಿಎಫ್‌ನವರಿಗೆ ಫೋನ್ ಮಾಡೋದು ಬಿಟ್ರೆ ನಾವು ಮಾಡೋ ಹಂಗಿಲ್ಲ, ಅದು ಸಕಲೇಶಪುರ ಆಲೂರು ಕಡೆಯವರಿಗೆ ನಾನು ಹೇಳ್ಬೇಕಾಗಿಲ್ಲ. "ಒಂದ್ ರಾತ್ರಿ ಕರ್ಕೊಂಡ್ ಹೋಗ್ತೀನಿ, ಯಾರಿಗೂ ಗೊತ್ತಾಗಲ್ಲ" ಅಂತ ಯಾರಾದ್ರೂ ಅಂದ್ರೆ ಅವನ ಜೊತೆ ಟೀ ಕೂಡ ಕುಡೀಬೇಡಿ. ಕಾನೂನು ಬಿಡಿ, ನನ್ನ ಮಟ್ಟಿಗೆ ಭದ್ರಾ ಕಾಡಲ್ಲಿ ಉಳಿದಿರೋದು ಉಳೀಲಿ. ನಾನು ಬರೀತಿರೋದು ಶಿಕಾರಿ ಕಾನೂನುಬದ್ಧವಾಗಿರೋ ದೇಶಗಳ ಬಗ್ಗೆ ಮಾತ್ರ.

ಆಫ್ರಿಕಾ ಅಂದ್ರೆ ಎಲ್ಲಾ ಕಡೆ ಹೊಡೀಬಹುದು ಅಂತ ಬಾವನ ತಲೇಲಿತ್ತು. ಹಂಗಿಲ್ಲ. ಕೀನ್ಯಾದಲ್ಲಿ 1977ರಿಂದಲೇ ಬ್ಯಾನ್. ಬೋಟ್ಸ್ವಾನಾ 2014ರಲ್ಲಿ ಬ್ಯಾನ್ ಮಾಡಿ 2019ರಲ್ಲಿ ತೆಗೀತು, ಆದ್ರೆ ಅಲ್ಲಿನ ರೇಟ್ ನಮ್ಮಂಥೋರಿಗಲ್ಲ. ಟಾಂಜಾನಿಯಾನೂ ಅಷ್ಟೇ, ದುಡ್ಡಿದ್ದವರ ಆಟ. ಕಮ್ಮಿ ಬಜೆಟ್ ಅಂದ್ರೆ ಸುತ್ತಿ ಬಳಸಿ ಬರೋದು ಎರಡೇ ಕಡೆಗೆ, ಸೌತ್ ಆಫ್ರಿಕಾ ಇಲ್ಲಾ ನಮೀಬಿಯಾ. ನಮೀಬಿಯಾ ಅಂದ್ರೆ 2022ರಲ್ಲಿ ಕುನೋಗೆ ಚೀತಾ ಬಂತಲ್ಲ, ಅದೇ ದೇಶ. ಅಲ್ಲಿ 1996ರಲ್ಲಿ ಕಾನೂನು ತಿದ್ದುಪಡಿ ಮಾಡಿ ಹಳ್ಳಿ ಜನರೇ ಸೇರಿ ಕನ್ಸರ್ವೆನ್ಸಿ ಅಂತ ಮಾಡ್ಕೊಂಡು, ಅಲ್ಲಿನ ಪ್ರಾಣಿಗಳಿಂದ ಬರೋ ಟೂರಿಸಂ ದುಡ್ಡು, ಶಿಕಾರಿ ದುಡ್ಡು ಅವರಿಗೇ ಸೇರೋ ಹಂಗೆ ಮಾಡಿದಾರೆ. ಸೌತ್ ಆಫ್ರಿಕಾದ್ದು ಬೇರೆ ಲೆಕ್ಕ, ಅಲ್ಲಿ ಜಾಸ್ತಿ ಖಾಸಗಿ ಫಾರ್ಮ್‌ಗಳು. 1991ರ ಗೇಮ್ ಥೆಫ್ಟ್ ಆಕ್ಟ್ ಪ್ರಕಾರ ಸರಿಯಾಗಿ ಬೇಲಿ ಹಾಕಿ ಸರ್ಟಿಫಿಕೇಟ್ ತಗೊಂಡಿರೋ ಜಮೀನಿನ ಕಾಡುಪ್ರಾಣಿ ಬೇಲಿ ದಾಟಿ ಹೋದ್ರೂ ಅದು ಜಮೀನಿನ ಯಜಮಾನನದ್ದೇ. ನಾವು ಕಾಫಿ ಬೆಳೆದಂಗೆ ಅವರು ಕುಡು, ಇಂಪಾಲ ಅನ್ನೋ ಜಿಂಕೆ ಥರದ ಪ್ರಾಣಿ ಬೆಳೀತಾರೆ. ಅಷ್ಟೊಂದು ಫಾರ್ಮ್‌ಗಳು ಪೈಪೋಟಿಗೆ ನಿಂತಿರೋದ್ರಿಂದ್ಲೇ ರೇಟ್ ನಮ್ಮ ಕೈಗೆಟುಕೋದು.

ಇನ್ನು ಕೊಟೇಶನ್. ದೊಡ್ಡ ಅಕ್ಷರದಲ್ಲಿ ಮೇಲುಗಡೆ ಒಂದು ಪ್ಯಾಕೇಜ್ ರೇಟ್ ಇರುತ್ತೆ, ಕೆಳಗಡೆ ದೊಡ್ಡ ಕೋಡಿನ ಪ್ರಾಣಿ ಪಕ್ಕ ನಗ್ತಾ ಕೂತಿರೋ ಯಾರದ್ದೋ ಫೋಟೋ. ಆ ರೇಟ್ ನೋಡಿ ತೀರ್ಮಾನ ಮಾಡಬೇಡಿ. ಶಿಕಾರಿ ಬಿಲ್ ಅನ್ನೋದು ಎರಡು ಕಂಬದ ಮೇಲೆ ನಿಂತಿರುತ್ತೆ: ಒಂದು ಡೈಲಿ ರೇಟ್, ಅಂದ್ರೆ ಊಟ ವಸತಿ, ಗಾಡಿ, ಗೈಡ್, ಟ್ರ್ಯಾಕರ್ (ಹೆಜ್ಜೆ ಗುರುತು ನೋಡಿ ಪ್ರಾಣಿ ಹುಡುಕೋನು) ಎಲ್ಲಾ ಸೇರಿ ದಿನಕ್ಕಿಷ್ಟು ಅಂತ, ಇನ್ನೊಂದು ಟ್ರೋಫಿ ಫೀ, ಅಂದ್ರೆ ಹೊಡೆದ ಪ್ರಾಣಿಗೆ ಇಷ್ಟು ಅಂತ. ಗೈಡ್‌ಗೆ ಅಲ್ಲಿ ಪಿಎಚ್ ಅಂತಾರೆ, ಪ್ರೊಫೆಷನಲ್ ಹಂಟರ್. ಡೈಲಿ ರೇಟ್ ಕಮ್ಮಿ ಮಾಡಿ ಟ್ರೋಫಿ ಫೀಲಿ ಎಳ್ಕೊಳ್ಳೋರು ಇದಾರೆ, ಟ್ರೋಫಿ ಫೀ ಕಮ್ಮಿ ತೋರ್ಸಿ "ಕಮ್ಮಿ ಅಂದ್ರೂ ಹತ್ತು ದಿನ ಇರಬೇಕು" ಅಂತ ಡೈಲಿ ರೇಟಲ್ಲಿ ವಸೂಲಿ ಮಾಡೋರೂ ಇದಾರೆ. ಎರಡನ್ನೂ ಕೂಡಿಸದೇ ಹೋಲಿಸಿದ್ರೆ ಮಣ್ಣು ತಿಂದಂಗೆ.

ನಾನು ಮಾಡಿದ್ದು ಇಷ್ಟೇ, ಎಕ್ಸೆಲ್ ಶೀಟಲ್ಲಿ ಪ್ರತಿ ಔಟ್‌ಫಿಟರ್‌ಗೂ (ಶಿಕಾರಿ ಏರ್ಪಾಡು ಮಾಡಿಕೊಡೋರು) ಒಂದೊಂದು ಕಾಲಂ ಮಾಡಿ ಕೊಟೇಶನ್‌ನಲ್ಲಿ ಇರೋದನ್ನ ಬಿಟ್ಟು ಇಲ್ಲದೇ ಇರೋದನ್ನ ಬರೀತಾ ಹೋದೆ. ಏರ್‌ಪೋರ್ಟಿಂದ ಫಾರ್ಮ್‌ಗೆ ಕರ್ಕೊಂಡು ಹೋಗೋದು ಸೇರಿದ್ಯಾ? ಕೋವಿ ಬಾಡಿಗೆ ದಿನಕ್ಕೆಷ್ಟು, ತೋಟಾ ಒಂದೊಂದಕ್ಕೆ ಎಷ್ಟು? ಡೈಲಿ ರೇಟ್ ಮೇಲೆ 15 ಪರ್ಸೆಂಟ್ ವ್ಯಾಟ್ ಸೇರಿಸಿ ಹೇಳಿದಾರಾ ಆಮೇಲೆ ಹಾಕ್ತಾರಾ? ನಾವು ಕೇಳಿದ ಪ್ರಾಣಿ ಆ ಫಾರ್ಮಲ್ಲಿ ಇಲ್ದೇ ಪಕ್ಕದ ಫಾರ್ಮ್‌ಗೆ ಹೋಗ್ಬೇಕಾದ್ರೆ ಡೀಸೆಲ್ ಯಾರದ್ದು? ನನ್ನಂಗೆ ಹೊಡೀದೇ ಸುಮ್ನೆ ಜೊತೆಗೆ ಬರೋನಿಗೆ ಅಬ್ಸರ್ವರ್ ಫೀ ಅಂತ ಬೇರೆ ಇರುತ್ತೆ, ಅದೆಷ್ಟು? ಬಂದ ದಿನ, ಹೊರಡೋ ದಿನ ಶಿಕಾರಿ ದಿನ ಅಂತ ಲೆಕ್ಕ ಹಿಡೀತಾರಾ? ಈ ಕೊನೇ ಪ್ರಶ್ನೆಗೆ ಒಬ್ಬ ಉತ್ತರಾನೇ ಕೊಡಲಿಲ್ಲ, ಮೂರು ಸಲ ಬೇರೆ ಏನೇನೋ ಬರೆದ. ಅವನ ರೇಟೇ ಎಲ್ಲರಿಗಿಂತ ಕಮ್ಮಿ ಇತ್ತು. ಕಾಲಂ ಡಿಲೀಟ್ ಮಾಡಿದೆ.

ಲೆಕ್ಕಕ್ಕೆ ಒಂದು ಉದಾಹರಣೆ ಹಾಕ್ತೀನಿ, ಇದು ಯಾವ ಔಟ್‌ಫಿಟರ್‌ದೂ ಅಲ್ಲ, ಅಂದಾಜು ಅಷ್ಟೇ. ದಿನಕ್ಕೆ 300 ಡಾಲರ್, 7 ದಿನ ಅಂದ್ರೆ 2100. ಇಂಪಾಲ 400, ಜಿಂಕೆ ಥರದ್ದೇ ಬ್ಲೆಸ್‌ಬಾಕ್ 450, ವಾರ್ಟ್‌ಹಾಗ್ ಅಂದ್ರೆ ಅಲ್ಲಿನ ಕಾಡುಹಂದಿ 400, ಕುಡು ಒಂದು 2200. ಒಟ್ಟು 5550. ಡಾಲರ್‌ಗೆ 88 ರೂಪಾಯಿ ಹಿಡಿದ್ರೆ 4 ಲಕ್ಷ 88 ಸಾವಿರ. ಫ್ಲೈಟು, ವೀಸಾ, ವ್ಯಾಟು, ಕೋವಿ ಬಾಡಿಗೆ, ಟಿಪ್ಸು ಎಲ್ಲಾ ಇದರ ಹೊರಗೆ. ಈಗ ಕುಡು ತೆಗೆದು ಬಿಡಿ, ಸುಮಾರು ಎರಡು ಲಕ್ಷ ಅಲ್ಲೇ ಇಳೀತು. ಇಬ್ಬರು ಸೇರಿ ಒಬ್ಬ ಪಿಎಚ್ ಇಟ್ಕೊಂಡ್ರೆ, ಅದಕ್ಕೆ ಟೂ ಬೈ ಒನ್ ಅಂತಾರೆ, ಡೈಲಿ ರೇಟ್ ಇನ್ನೂ ಇಳಿಯುತ್ತೆ, ಒಬ್ಬರು ಹೊಡೆಯೋವಾಗ ಇನ್ನೊಬ್ಬರು ಸುಮ್ನೆ ಕೂರ್ಬೇಕು ಅಷ್ಟೇ. ಬಾವ ಮತ್ತೆ ಅವರ ಸಕಲೇಶಪುರದ ದೋಸ್ತು ಹಂಗೇ ಮಾಡಿದ್ರು, ಇಬ್ಬರೂ ಶಾಲೆಯಿಂದಲೇ ಜಗಳ ಆಡ್ಕೊಂಡು ಬಂದೋರು ಆದ್ರಿಂದ ಯಾರು ಮೊದಲು ಅನ್ನೋದಕ್ಕೆ ದಿನಾ ಬೆಳಿಗ್ಗೆ ನಾಣ್ಯ ಹಾರಿಸೋ ಕೆಲಸ ನನ್ನ ಪಾಲಿಗೆ ಬಂತು. ಇನ್ನೂ ಕಮ್ಮಿ ಬೇಕಾ, ಕಲ್ ಹಂಟ್ ಇಲ್ಲಾ ಮ್ಯಾನೇಜ್‌ಮೆಂಟ್ ಹಂಟ್ ಕೇಳಿ. ಫಾರ್ಮ್‌ನವರು ಹಿಂಡಿನ ಸಂಖ್ಯೆ ಇಳಿಸೋಕೆ ಹೆಣ್ಣು ಪ್ರಾಣಿ, ಕೋಡು ಮುರಿದಿರೋವು ಇಂಥದ್ದನ್ನ ಹೆಂಗೂ ತೆಗೀಬೇಕು, ಅದಕ್ಕೆ ಟ್ರೋಫಿ ರೇಟ್ ಇರಲ್ಲ. ಗೋಡೆಗೆ ತಗಲಾಕೋ ಆಸೆ ಇಲ್ದೇ ಕಾಡಲ್ಲಿ ನಡೆಯೋ ಖುಷಿ ಸಾಕು ಅನ್ನೋರಿಗೆ ನನ್ನ ಪ್ರಕಾರ ಇದೇ ಬೆಸ್ಟು.

ಬಾವನಿಗೆ ಬೇಕಾಗಿದ್ದು ಇದ್ಯಾವ್ದೂ ಅಲ್ಲ. ಅವರಿಗೆ ಆಫ್ರಿಕಾದ ಕಾಡೆಮ್ಮೆ, ಕೇಪ್ ಬಫೆಲೋನೇ ಆಗ್ಬೇಕು. ಕ್ಲಬ್ಬಿನ ಗೋಡೆ ಮೇಲೆ ಬ್ರಿಟಿಷರ ಕಾಲದ ಕಾಟಿ ತಲೆ ಕೆಳಗೆ ಕೂತು ಕಾರ್ಡ್ಸ್ ಆಡಿ ಆಡಿ ತಲೆಗೆ ಹತ್ತಿರೋ ಆಸೆ ಅದು. ಬಫೆಲೋ ಒಂದಕ್ಕೇ ಹತ್ತು ಸಾವಿರ ಡಾಲರ್ ಹತ್ರ, ಮೇಲೂ ಹೋಗುತ್ತೆ, ಡೈಲಿ ರೇಟೂ ಬೇರೆ, ಯಾಕಂದ್ರೆ ಅದು ಡೇಂಜರಸ್ ಗೇಮ್, ಅಂದ್ರೆ ಮನುಷ್ಯನ ಮೇಲೇ ಎರಗೋ ಪ್ರಾಣಿ ಲೆಕ್ಕ. ಕೋವಿನೂ ಸಾಮಾನ್ಯವಾಗಿ .375 ಅಳತೆ ಗುಂಡಿನ ರೈಫಲ್‌ಗಿಂತ ಕಮ್ಮಿ ಒಪ್ಪಲ್ಲ. "ಇಷ್ಟು ದೂರ ಹೋಗಿ ಜಿಂಕೆ ಹೊಡ್ಕೊಂಡು ಬರೋದಾ?" ಅಂತ ಬಾವ ಮುಖ ಊದಿಸ್ಕೊಂಡ್ರು. ನಾನು ಹೇಳಿದ್ದು ಇಷ್ಟೇ: ಬಾವ, ನೀವು ಜೀವಮಾನದಲ್ಲಿ ರೈಫಲ್ ಹಿಡಿದಿಲ್ಲ, ಹನ್ನೆರಡು ಬೋರ್ ಕೋವೀಲಿ ಮಂಗ ಓಡಿಸೋಕೆ ಗಾಳೀಲಿ ಹಾರಿಸಿದ್ದೇ ಹಾರಿಸಿದ್ದು, ಗಾಯ ಆದ ಬಫೆಲೋ ಪೊದೆ ಒಳಗೆ ನಿಂತ್ರೆ ಅದನ್ನ ಹುಡುಕಿ ಹೋಗೋರು ಪಿಎಚ್ ಮತ್ತೆ ಟ್ರ್ಯಾಕರ್, ಅವರಿಗೂ ಹೆಂಡತಿ ಮಕ್ಕಳಿದಾರೆ. ಅಕ್ಕ ಅಡುಗೆಮನೆಯಿಂದ "ಅವನು ಹೇಳೋದು ಸರಿ" ಅಂದ ಮೇಲೆ ಆ ವಿಷಯ ಅಲ್ಲಿಗೆ ನಿಂತಿತು.

ಸಿಂಹದ ಬಗ್ಗೆನೂ ಕೆಲವರು ಕೇಳಿದ್ರು, ಆನ್‌ಲೈನಲ್ಲಿ ಸಿಂಹದ ಪ್ಯಾಕೇಜ್ ಅಷ್ಟೇನೂ ದುಬಾರಿ ಇಲ್ವಲ್ಲ ಅಂತ. ಸಿಂಹ ಸೋವಿಗೆ ಸಿಗ್ತಿದೆ ಅಂದ್ರೆ ಅದು ಬೋನಲ್ಲಿ ಹುಟ್ಟಿ, ಬಾಟ್ಲಿ ಹಾಲು ಕುಡಿದು, ಟೂರಿಸ್ಟ್‌ಗಳ ಕೈಲಿ ಮುದ್ದು ಮಾಡಿಸ್ಕೊಂಡು ಬೆಳೆದಿರೋ ಸಿಂಹ ಅಂತಾನೇ ತಿಳ್ಕೊಳ್ಳಿ, ಅದಕ್ಕೆ ಕ್ಯಾನ್ಡ್ ಹಂಟಿಂಗ್ ಅಂತ ಹೆಸರು. 2015ರಲ್ಲಿ ಜಿಂಬಾಬ್ವೆಯಲ್ಲಿ ಸೆಸಿಲ್ ಅನ್ನೋ ಸಿಂಹನ ಅಮೆರಿಕದ ಡೆಂಟಿಸ್ಟ್ ಒಬ್ಬ ಹೊಡೆದಾಗ ಪ್ರಪಂಚವೆಲ್ಲಾ ಗಲಾಟೆ ಆಗಿದ್ದು ನೆನಪಿರಬಹುದು, ಅದು ಕಾಡಿನ ಸಿಂಹ, ಈ ಸಾಕಿದ ಸಿಂಹದ ಕಥೆ ಅದಕ್ಕಿಂತ ಅಸಹ್ಯ. ಶಿಕಾರಿ ಮಾಡೋರ ಒಳಗೇ ಇದಕ್ಕೆ ಒಪ್ಪಿಗೆ ಇಲ್ಲ. ಅಲ್ಲಿನ ಪಿಎಚ್‌ಗಳ ದೊಡ್ಡ ಸಂಘ ಫಾಸಾ 2017ರಲ್ಲಿ ಇದಕ್ಕೆ ಬಾಗಿಲು ತೆಗೆದಾಗ ಎಷ್ಟೋ ಸದಸ್ಯರು ಬಿಟ್ಟು ಹೋಗಿ ಬೇರೆ ಸಂಘ ಕಟ್ಕೊಂಡ್ರು. 2021ರಲ್ಲಿ ಸೌತ್ ಆಫ್ರಿಕಾ ಸರ್ಕಾರಾನೇ ಈ ದಂಧೆ ನಿಲ್ಲಿಸ್ತೀವಿ ಅಂತ ಹೇಳ್ತು. ಹಂಗಾಗಿ ಔಟ್‌ಫಿಟರ್ ಲಿಸ್ಟಲ್ಲಿ ಸೋವಿ ಸಿಂಹ ಕಂಡ್ರೆ ಅವನ ಇಂಪಾಲಾನೂ ಬೇಡ ಅಂತ ಮುಂದಕ್ಕೆ ಹೋಗಿ.

ಪಿಎಚ್ ಹೆಂಗೆ ಆರಿಸೋದು ಅಂದ್ರೆ, ವಿದೇಶದಿಂದ ಹೋಗೋರು ಲೈಸೆನ್ಸ್ ಇರೋ ಔಟ್‌ಫಿಟರ್ ಮೂಲಕ, ರಿಜಿಸ್ಟರ್ ಆಗಿರೋ ಪಿಎಚ್ ಜೊತೆಗೇ ಹೊಡೀಬೇಕು ಅಂತ ಅಲ್ಲಿ ಕಾನೂನೇ ಇದೆ, ಪರ್ಮಿಟ್ ನಂಬರ್ ಕೇಳಿ, ಕೊಡೋಕೆ ಯಾರೂ ಬೇಜಾರ್ ಮಾಡ್ಕೊಳ್ಳಲ್ಲ. ಮುಂಚೆ ಬಂದು ಹೋದೋರ ಮೇಲ್ ಐಡಿ ಕೇಳಿ. ಎಲ್ಲರೂ ಖುಷಿಯಾಗಿ ಹೋದೋರದ್ದೇ ಕೊಡ್ತಾರೆ, ನೀವು ಸ್ವಲ್ಪ ತಲೆ ಓಡಿಸಿ "ಏನೂ ಸಿಗದೇ ವಾಪಸ್ ಹೋದೋರು ಯಾರಾದ್ರೂ ಇದಾರಾ, ಅವರದ್ದು ಕೊಡಿ" ಅನ್ನಿ. ನಾವು ಆರಿಸಿದ ಮನುಷ್ಯ ಆವತ್ತೇ ಒಬ್ಬರದ್ದು ಕಳ್ಸಿದ, ಆ ಪುಣ್ಯಾತ್ಮ ಕುಡು ಸಿಗದೇ ಹೋದ್ರೂ ಮತ್ತೆ ಅಲ್ಲಿಗೇ ಹೋಗ್ತೀನಿ ಅಂತ ಉದ್ದ ಮೇಲ್ ಬರೆದಿದ್ದ, ನನಗೆ ಅದೇ ಸಾಕಾಯ್ತು. ಫಾರ್ಮ್ ಎಷ್ಟು ಹೆಕ್ಟೇರ್, ಪ್ರಾಣಿಗಳು ಅಲ್ಲೇ ಮರಿ ಹಾಕ್ತಾವಾ ಅಥವಾ ಹರಾಜಲ್ಲಿ ತಂದು ಗಿರಾಕಿ ಬರೋ ಮುಂಚೆ ಬಿಡ್ತಾರಾ ಅನ್ನೋದನ್ನೂ ನೇರವಾಗಿ ಕೇಳಿ.

ಕೋವಿ ಇಲ್ಲಿಂದ ತಗೊಂಡು ಹೋಗೋ ಯೋಚನೆ ಬಿಡಿ. ಅಲ್ಲಿ ಎಸ್‌ಎಪಿಎಸ್ 520 ಅಂತ ಪೊಲೀಸ್ ಫಾರಂ, ಇಲ್ಲಿ ಲೈಸೆನ್ಸ್, ಏರ್‌ಲೈನ್ ಒಪ್ಪಿಗೆ, ಕಸ್ಟಮ್ಸು, ಎಲ್ಲಾ ಸೇರಿ ತಲೆನೋವು, ಅದೂ ಅಲ್ದೆ ತೋಟದ ಕೋವಿ ಅಲ್ಲಿ ಕೆಲಸಕ್ಕೆ ಬರಲ್ಲ. ಬಾಡಿಗೆ ರೈಫಲ್ ತಗೊಳ್ಳಿ. ಮೊದಲ ದಿನ ಯಾವ ಪಿಎಚ್ ಆದ್ರೂ ಕಾಡಿಗೆ ಕರ್ಕೊಂಡು ಹೋಗಲ್ಲ, ನೂರು ಮೀಟರ್ ದೂರದಲ್ಲಿ ರಟ್ಟಿನ ಡಬ್ಬಕ್ಕೆ ಕಾಗದ ಅಂಟಿಸಿ ಹೊಡೆಸ್ತಾನೆ. ಮೇಜಿನ ಮೇಲೆ ಕೋವಿ ಇಟ್ಕೊಂಡು ಹೊಡೆಯೋವಾಗ ಬಾವನ ಗುಂಡು ಕಾಗದದ ಮಧ್ಯಕ್ಕೇ ಬಿತ್ತು, ಬಾವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ್ರು. ಆಮೇಲೆ ನಮ್ಮ ಪಿಎಚ್ ಮೂರು ಕಾಲಿನ ಕೋಲು ತಂದು ನಿಲ್ಲಿಸಿದ. ಕಾಡಲ್ಲಿ ಮೇಜು ಎಲ್ಲಿರುತ್ತೆ, ನಿಂತ್ಕೊಂಡು ಈ ಕೋಲಿನ ಮೇಲೆ ಕೋವಿ ಒರಗಿಸಿಯೇ ಹೊಡೀಬೇಕು. ಈಗ ಗುಂಡು ಕಾಗದ ಬಿಟ್ಟು ಡಬ್ಬದ ಮೂಲೆಗೆ, ಆಮೇಲೆ ಡಬ್ಬಾನೂ ಬಿಟ್ಟು ಹಿಂದಿನ ಮಣ್ಣಿನ ದಿಬ್ಬಕ್ಕೆ. ಆ ಮನುಷ್ಯ ಒಂದು ಮಾತೂ ಬೈಲಿಲ್ಲ, ಟ್ರ್ಯಾಕರ್ ಕಡೆ ನೋಡಿ ಅವರ ಭಾಷೇಲಿ ಏನೋ ಅಂದ, ಆಮೇಲೆ ನಮಗೆ "ನಾವು ನೂರು ಮೀಟರ್ ಒಳಗೆ ಹೋಗಿಯೇ ಹೊಡೆಯೋಣ" ಅಂದ. ಅಂದ್ರೆ ಜಾಸ್ತಿ ನಡಿಗೆ, ಜಾಸ್ತಿ ಹೊಟ್ಟೆ ಮೇಲೆ ತೆವಳೋದು. ಹೋಗೋಕೆ ಮುಂಚೆ ಮೂರು ಬಿದಿರು ಗಳ ಕಟ್ಕೊಂಡು ಖಾಲಿ ಕೋವಿ ಇಟ್ಟು ಅಂಗಳದಲ್ಲೇ ಗುರಿ ಹಿಡಿಯೋದು ಪ್ರಾಕ್ಟೀಸ್ ಮಾಡಿ, ಇದಕ್ಕೆ ಪೈಸೆ ಖರ್ಚಿಲ್ಲ.

ಪ್ರಾಕ್ಟೀಸ್ ಯಾಕೆ ದುಡ್ಡಿನ ವಿಷಯ ಅಂದ್ರೆ, ಅಲ್ಲಿ ರೂಲ್ ಇರೋದು ಹಿಂಗೆ: ಒಂದು ಹನಿ ರಕ್ತ ಬಿದ್ರೂ ಪೂರ್ತಿ ಟ್ರೋಫಿ ಫೀ ಕಟ್ಟಬೇಕು, ಪ್ರಾಣಿ ಸಿಗಲಿ ಬಿಡಲಿ. ಬಾವನ ದೋಸ್ತು ಹೊಡೆದ ವಾರ್ಟ್‌ಹಾಗ್ ಬಾಲ ಮೇಲೆತ್ಕೊಂಡು ಮುಳ್ಳುಪೊದೆ ಒಳಗೆ ನುಗ್ತು. "ತಪ್ಪೋಯ್ತು, ತಾಗಿಲ್ಲ" ಅಂದ್ರು ಅವರು, ದನಿಯಲ್ಲಿ ಸ್ವಲ್ಪ ಆಸೆನೂ ಇತ್ತು ಅನ್ಸುತ್ತೆ. ಟ್ರ್ಯಾಕರ್ ಕುಕ್ಕರುಗಾಲಲ್ಲಿ ಕೂತು ಒಂದು ಎಲೆ ಕಿತ್ತ. ಅದರ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆ. ನಮ್ಮ ತೋಟದಲ್ಲಿ ಎಲೆಗೆ ರೋಗ ಬಂದ್ರೆ ಚುಕ್ಕೆ ಬೀಳುತ್ತಲ್ಲ ಹಂಗೇ ಇತ್ತು ನೋಡೋಕೆ. ಅವನು ಬೆರಳಿಗೆ ಎಂಜಲು ಹಚ್ಚಿ ಉಜ್ಜಿದ, ಕೆಂಪು ಹರಡಿ ಬೆರಳಿಗೆ ಹತ್ತಿತು. ಎಲೇದೇ ಚುಕ್ಕೆ ಆಗಿದ್ರೆ ಹರಡ್ತಿರಲಿಲ್ಲ. ಬೆರಳು ಎತ್ತಿ ಪಿಎಚ್‌ಗೆ ತೋರ್ಸಿದ, ಪಿಎಚ್ ಜೇಬಿಂದ ಪುಸ್ತಕ ತೆಗೆದು ಬರ್ಕೊಂಡ, ಮುಗೀತು, 400 ಡಾಲರ್ ಬಿತ್ತು. ರಕ್ತದಲ್ಲಿ ನೊರೆ ಇದ್ರೆ ಶ್ವಾಸಕೋಶಕ್ಕೆ ಬಿದ್ದಿದೆ, ಬೇಗ ಸಿಗುತ್ತೆ, ಕಪ್ಪಗಿದ್ರೆ ಪಿತ್ತಜನಕಾಂಗ, ಹಸಿರು ಬೆರೆತಿದ್ರೆ ಹೊಟ್ಟೆಗೆ ಬಿದ್ದಿದೆ, ಸಂಜೆವರೆಗೂ ನಡೀಬೇಕು ಅಂತ ಅವನು ಹೇಳ್ತಾ ಹೋದ. ನಮ್ಮದು ಸಿಕ್ತು, ಮಧ್ಯಾಹ್ನ ಊಟ ತಪ್ಪಿಸ್ಕೊಂಡು ನಡೆದ ಮೇಲೆ. ಆ ಟ್ರ್ಯಾಕರ್‌ಗೆ ಕೊಡೋ ಟಿಪ್ಸಲ್ಲಿ ಯಾರೂ ಜಿಪುಣತನ ಮಾಡ್ಬೇಡಿ ಮಾರ್ರೆ. ಒಟ್ಟು ಬಿಲ್ಲಿನ ಹತ್ತು ಪರ್ಸೆಂಟ್ ಹತ್ರ ಟಿಪ್ಸಿಗೆ ಅಂತ ಮೊದಲೇ ಎತ್ತಿಡಿ, ಪಿಎಚ್, ಟ್ರ್ಯಾಕರ್, ಚರ್ಮ ಸುಲಿಯೋರು, ಅಡುಗೆಯವರು ಎಲ್ಲರಿಗೂ.

ಕೋಡು, ತಲೆ, ಚರ್ಮ ಊರಿಗೆ ತರೋದು? ಬೇಡ. ಅಲ್ಲಿ ಡಿಪ್ ಅಂಡ್ ಪ್ಯಾಕ್ ಅಂತ ಔಷಧಿ ಹಾಕಿ ಡಬ್ಬ ಕಟ್ಟೋದಕ್ಕೆ ಒಂದು ಬಿಲ್ಲು, ಟ್ಯಾಕ್ಸಿಡರ್ಮಿ (ಚರ್ಮದ ಒಳಗೆ ತುಂಬಿ ಜೀವಂತ ಪ್ರಾಣಿ ಥರ ನಿಲ್ಲಿಸೋದು) ಮಾಡಿಸಿದ್ರೆ ಅದು ಪ್ರಾಣಿಯ ಟ್ರೋಫಿ ಫೀಗಿಂತ ಜಾಸ್ತಿ ಆಗೋದೂ ಉಂಟು, ಶಿಪ್ಪಿಂಗ್ ಬೇರೆ, ಇಲ್ಲಿ ಬಂದ ಮೇಲೆ ಆಮದು ನಿಯಮ, ಸೈಟೀಸ್ (ಕಾಡುಪ್ರಾಣಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದ), ಕಸ್ಟಮ್ಸು ಅಂತ ಸಿಕ್ಕಾಪಟ್ಟೆ ರಗಳೆ. 2023ರ ಅಕ್ಟೋಬರಲ್ಲಿ ಹುಲಿ ಉಗುರಿನ ಗಲಾಟೆ ಆದಾಗ ಕುತ್ತಿಗೆ ಸರ ಬಿಚ್ಚಿ ಬಚ್ಚಿಟ್ಟೋರು ಎಷ್ಟು ಜನ ಅಂತ ನಮ್ಮ ಜಿಲ್ಲೆಯವರಿಗೆ ಗೊತ್ತು, ಮನೇಲಿ ಕೋಡು ನೇತಾಕ್ಕೊಂಡು ಬಂದೋರಿಗೆಲ್ಲ ಪೇಪರ್ ತೋರ್ಸ್ತಾ ಕೂರೋಕಾಗುತ್ತಾ? ಫೋಟೋ ತೆಗೆದ್ಕೊಳ್ಳಿ ಸಾಕು. ಟ್ರೋಫಿ ಬೇಡ ಅಂತ ಬುಕ್ ಮಾಡೋವಾಗಲೇ ಹೇಳಿದ್ರೆ ಕೆಲವು ಕಡೆ ರೇಟಲ್ಲೂ ಬಿಡ್ತಾರೆ. ಮಾಂಸ ಏನೂ ವೇಸ್ಟ್ ಆಗಲ್ಲ, ಫಾರ್ಮ್‌ನವರು ತೂಕ ಹಾಕಿ ಮಾರ್ತಾರೆ, ಕೆಲಸದವರಿಗೂ ಹೋಗುತ್ತೆ, ನಮಗೂ ರಾತ್ರಿ ಕೆಂಡದ ಮೇಲೆ ಸುಟ್ಟು ಬಡಿಸ್ತಾರೆ, ಉಪ್ಪು ಮೆಣಸು ಬಿಟ್ರೆ ಮಸಾಲೆ ಇಲ್ಲ. ಅಕ್ಕ ಕಟ್ಟಿಕೊಟ್ಟಿದ್ದ ಹಂದಿ ಮಸಾಲೆ ಪುಡಿ ಅಲ್ಲಿನ ಅಡುಗೆಯವಳ ಕೈಗೆ ಸಿಕ್ಕ ಮೇಲೆ ವಾರ್ಟ್‌ಹಾಗ್ ಸಾರಿಗೆ ಒಂದು ಅರ್ಥ ಬಂತು.

ಪ್ರಯಾಣದ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಬೆಂಗಳೂರಿಂದ ಜೋಹಾನ್ಸ್‌ಬರ್ಗ್‌ಗೆ ಡೈರೆಕ್ಟ್ ಇಲ್ಲ. ಅಡಿಸ್ ಅಬಾಬಾ, ನೈರೋಬಿ ಮೇಲೆ ಹೋಗೋ ಟಿಕೆಟ್ ಕಮ್ಮಿಗೆ ಸಿಗಬಹುದು, ಆದ್ರೆ ಅಲ್ಲಿ 12 ಗಂಟೆಗಿಂತ ಜಾಸ್ತಿ ಕಾಯೋದಾದ್ರೆ ಯೆಲ್ಲೋ ಫೀವರ್ ಇಂಜೆಕ್ಷನ್ ಸರ್ಟಿಫಿಕೇಟ್ ಕೇಳ್ತಾರೆ, ವಾಪಸ್ ಬರೋವಾಗ ನಮ್ಮ ಏರ್‌ಪೋರ್ಟಲ್ಲೂ ಈ ವಿಷಯದಲ್ಲಿ ಬಿಗಿ, ಆದ್ರಿಂದ ಟಿಕೆಟ್ ಬುಕ್ ಮಾಡೋ ಮುಂಚೆ ರೂಲ್ಸ್ ನೋಡ್ಕೊಳ್ಳಿ. ಸೌತ್ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದ ಕಡೆ ಕೆಲವು ಜಾಗದಲ್ಲಿ ಮಲೇರಿಯಾ ಇದೆ, ಈಸ್ಟರ್ನ್ ಕೇಪಲ್ಲಿ ಇಲ್ಲ. ಅಡ್ವಾನ್ಸ್ ದುಡ್ಡು ಬ್ಯಾಂಕಿಂದಲೇ ಕಳ್ಸಿ, ಟಿಸಿಎಸ್ ಅಂತ ತೆರಿಗೆ ಹಿಡ್ಕೊಂಡ್ರೆ ಗಾಬರಿ ಬೇಡ, ರಿಟರ್ನ್ ಫೈಲ್ ಮಾಡೋವಾಗ ಕ್ರೆಡಿಟ್ ಸಿಗುತ್ತೆ. ಪೂರ್ತಿ ದುಡ್ಡು ಮೊದಲೇ ಕೊಡಿ ಅನ್ನೋರಿಗೆ ಕೊಡಬೇಡಿ. ಟ್ರೋಫಿ ಫೀ ಕೊನೇ ದಿನ, ಹೊಡೆದ ಲೆಕ್ಕ ನೋಡಿ ಕಟ್ಟೋದು ಅಲ್ಲಿನ ಪದ್ಧತಿ.

ಯಾವಾಗ ಹೋಗೋದು ಅನ್ನೋದರಲ್ಲಿ ನಮ್ಮ ಕಡೆಯವರ ಅದೃಷ್ಟ ಚೆನ್ನಾಗಿದೆ. ಅಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಚಳಿಗಾಲ, ಬಹುಪಾಲು ಕಡೆ ಮಳೆ ಇಲ್ಲ, ಹುಲ್ಲು ಒಣಗಿ ಪ್ರಾಣಿ ಕಾಣ್ಸುತ್ತೆ, ನೀರಿರೋ ಕಡೆಗೇ ಬರ್ತಾವೆ. ನಮಗೆ ಅದೇ ಮುಂಗಾರು, ಕೊಯ್ಲಿಲ್ಲ, ಗೊಬ್ಬರ ಮತ್ತೆ ಬೋರ್ಡೋ ಸಿಂಪಡಣೆ ಮುಗಿಸಿದ್ರೆ ಕೆಲಸ ನೋಡ್ಕೊಳ್ಳೋ ರೈಟರ್‌ಗೆ ತೋಟ ಒಪ್ಪಿಸಿ ಹೊರಡಬಹುದು. ಬಾವ ಈ ಸಲ ನಮೀಬಿಯಾ ಅಂತಿದಾರೆ, ಅಲ್ಲಿಂದ ಕೊಟೇಶನ್ ಬರೋಕೂ ಶುರುವಾಗಿದೆ. ಒಂದರಲ್ಲಿ ಅಬ್ಸರ್ವರ್ ಫೀ ಬರೆದೇ ಇಲ್ಲ, ಇವತ್ತು ರಾತ್ರಿ ಮೇಲ್ ಹಾಕಿ ಕೇಳ್ಬೇಕು.